ರಜೆಯಲ್ಲಿ ನೀರು ಹಾಕುವವರು ಯಾರು?

ಕೆನಡಾದ ಮಾಂಟ್ರಿಯಲ್ ನಗರದ ನಟ್ಟನಡುವೆ ಮೆಕ್‌ಗಿಲ್ ವಿಶ್ವವಿದ್ಯಾಲಯವಿದೆ. ಅಲ್ಲಿನ ಬರ್ನ್‌ಸೈಡ್ ಹಾಲ್ ಎಂಬ ಬಹುಮಹಡಿ ಕಟ್ಟಡದ ಮಗ್ಗುಲಲ್ಲಿ ಒಂದು ಕಾಂಕ್ರೀಟ್ ಅಂಗಳ. ಚಳಿಗಾಲದಲ್ಲಿ ಹಿಮ, ಬೇಸಿಗೆಯಲ್ಲಿ ಕಾದ ನೆಲ. ಜನ ದಾಟಿಹೋಗುವುದಕ್ಕೆ ಬಿಟ್ಟರೆ ಅದು ಹೆಚ್ಚೇನೂ ಉಪಯೋಗಕ್ಕೆ ಬರುತ್ತಿರಲಿಲ್ಲ. 2007ರ ಬೇಸಿಗೆಯಲ್ಲಿ ಆ ನೆಲದ ಮೇಲೆ ಪ್ಲಾಸ್ಟಿಕ್ ತೊಟ್ಟಿಗಳ ಸಾಲು ಬಂತು. ತೊಟ್ಟಿಗಳಲ್ಲಿ ಟೊಮೆಟೊ, ಬದನೆ, ಸೌತೆ, ಬೀನ್ಸ್ ಬೆಳೆದವು. ಸ್ವಯಂಸೇವಕರು ಅವನ್ನು ಕೊಯ್ದು, ತೂಗಿ, ಡಬ್ಬಗಳಿಗೆ ತುಂಬುತ್ತಿದ್ದರು. ಆ ತರಕಾರಿ ಊರಿನೊಳಗಿನ ಒಂದು ಅಡುಗೆಮನೆಗೆ ಹೋಗಿ, ಬಿಸಿ ಊಟವಾಗಿ, ಮನೆಯಿಂದ ಹೊರಗೆ ಬರಲಾಗದ ವೃದ್ಧರ ಬಾಗಿಲಿಗೆ ತಲುಪುತ್ತಿತ್ತು.

‘ಎಡಿಬಲ್ ಕ್ಯಾಂಪಸ್’ ಎಂದು ಹೆಸರಾದ ಈ ತೋಟ ಮೊದಲ ವರ್ಷ ಹಿಡಿದಿದ್ದ ಜಾಗ ಸುಮಾರು 120 ಚದರ ಮೀಟರ್. ಬೆಂಗಳೂರಿನ ಮೂವತ್ತು–ನಲವತ್ತರ ಒಂದು ಸೈಟಿಗಿಂತ ತುಸು ಹೆಚ್ಚು, ಅಷ್ಟೆ. ಅಷ್ಟು ಚಿಕ್ಕ ಜಾಗದ ಈ ಪ್ರಯತ್ನಕ್ಕೆ 2008ರಲ್ಲಿ ಕೆನಡಾದ ರಾಷ್ಟ್ರೀಯ ನಗರ ವಿನ್ಯಾಸ ಪ್ರಶಸ್ತಿ ಬಂತು.

ಇಂಥ ತೋಟಗಳು ಇಂದು ಜಗತ್ತಿನ ಹಲವು ವಿಶ್ವವಿದ್ಯಾಲಯಗಳಲ್ಲಿವೆ. ಕೆಲವು ತಾರಸಿಯ ಮೇಲಿನ ಹತ್ತಾರು ಕುಂಡಗಳು. ಕೆಲವು ಹತ್ತಾರು ಎಕರೆಯ ಹೊಲಗಳು. ಎಲ್ಲವಕ್ಕೂ ಸಮಾನವಾದ ಒಂದು ಗುಣವಿದೆ. ಇಲ್ಲಿ ದುಡಿಯುವವರಲ್ಲಿ ಹೆಚ್ಚಿನವರಿಗೆ ಕೂಲಿಯಿಲ್ಲ, ಬೇಸಾಯ ಅವರ ವೃತ್ತಿಯೂ ಅಲ್ಲ. ಎಂಜಿನಿಯರಿಂಗ್, ಇತಿಹಾಸ, ಸಂಗೀತ ಓದುವವರು ವಾರಕ್ಕೆ ಒಂದೆರಡು ಗಂಟೆ ಬಿಡುವು ಮಾಡಿಕೊಂಡು ಬರುತ್ತಾರೆ. ಬೀಜ, ಗೊಬ್ಬರ, ಕುಂಡ ಹೊಂದಿಸುವುದು ಇಲ್ಲಿ ಸುಲಭದ ಕೆಲಸ. ಮೂರು–ನಾಲ್ಕು ವರ್ಷಕ್ಕೆ ಓದು ಮುಗಿಸಿ ಊರು ಬಿಡುವ ಜನರನ್ನು ನಂಬಿಕೊಂಡು ವರ್ಷವರ್ಷವೂ ಬೆಳೆ ತೆಗೆಯುವುದು ಕಷ್ಟದ್ದು. ಬಾಳಿಕೆ ಬಂದ ತೋಟಗಳೆಲ್ಲ ಈ ಕಷ್ಟಕ್ಕೆ ಒಂದಲ್ಲ ಒಂದು ಪರಿಹಾರ ಕಂಡುಕೊಂಡಿವೆ.

ಸಾಂತಾ ಕ್ರೂಸ್‌ನ ಇಳಿಜಾರು

ಅಮೆರಿಕದ ಕ್ಯಾಂಪಸ್ ತೋಟಗಳ ಚರಿತ್ರೆಯಲ್ಲಿ ಮುಖ್ಯವಾದ ಇಸವಿ 1967. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂತಾ ಕ್ರೂಸ್ ಕ್ಯಾಂಪಸ್ ಶುರುವಾಗಿ ಆಗಿನ್ನೂ ಎರಡು ವರ್ಷ. ವಿದ್ಯಾರ್ಥಿಗಳು ಕೂಡಿ ಕೆಲಸ ಮಾಡುವಂಥ ಒಂದು ತೋಟ ಅಲ್ಲಿರಬೇಕು ಎಂದು ತತ್ತ್ವಶಾಸ್ತ್ರದ ಅಧ್ಯಾಪಕ ಪಾಲ್ ಲೀ ಬಯಸಿದರು. ಅದಕ್ಕೆ ತಕ್ಕ ಮನುಷ್ಯನೆಂದು ಅಲನ್ ಚಾಡ್ವಿಕ್ ಅವರ ಹೆಸರು ಹೇಳಿದವರು ಫ್ರೇಯಾ ಫಾನ್ ಮೋಲ್ಟ್‌ಕೆ. ಹಿಟ್ಲರನ ಆಡಳಿತವನ್ನು ವಿರೋಧಿಸಿ ಪ್ರಾಣ ತೆತ್ತ ಹೆಲ್ಮುತ್ ಫಾನ್ ಮೋಲ್ಟ್‌ಕೆ ಅವರ ಪತ್ನಿ.

ಚಾಡ್ವಿಕ್ ಇಂಗ್ಲೆಂಡಿನವರು, ರಂಗನಟರಾಗಿದ್ದವರು, ತೋಟಗಾರಿಕೆಯಲ್ಲಿ ಪಳಗಿದವರು. ಅವರು ಆರಿಸಿಕೊಂಡದ್ದು ಸುಮಾರು ನಾಲ್ಕು ಎಕರೆಯ ಕಡಿದಾದ ಇಳಿಜಾರನ್ನು. ಮುಟ್ಟಿದರೆ ಮೈ ಕೆರೆತ ಏಳಿಸುವ ಪೊದೆ, ಬಡಕಲು ಮಣ್ಣು. ಯಂತ್ರ ಇಳಿಸದೆ, ಸನಿಕೆ ಮತ್ತು ಮುಳ್ಳುಗುದ್ದಲಿಯಿಂದಲೇ ಅವರು ನೆಲ ಅಗೆಯಲು ತೊಡಗಿದರು. ನೋಡುತ್ತ ನಿಂತ ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಕೈಜೋಡಿಸಿದರು. ಬೆಳೆದ ಹೂಗಳನ್ನು ಕ್ಯಾಂಪಸ್ಸಿನಲ್ಲಿ ಓಡಾಡುವವರಿಗೆ ಬೆಲೆ ಕೇಳದೆ ಹಂಚಲಾಗುತ್ತಿತ್ತು.

ಅವರು ಕಲಿಸಿದ ಕ್ರಮ ಜೋಡಿ ಅಗೆತದ್ದು. ಮಡಿಯ ಒಂದು ತುದಿಯಲ್ಲಿ ಒಂದು ಅಡಿ ಆಳದ ಸಾಲು ತೋಡಿ ಆ ಮಣ್ಣನ್ನು ಪಕ್ಕಕ್ಕಿಡುವುದು. ಸಾಲಿನ ತಳದ ಮಣ್ಣನ್ನು ಮೇಲಕ್ಕೆ ತರದೆ, ಅಲ್ಲೇ ಮುಳ್ಳುಗುದ್ದಲಿ ಊರಿ ಇನ್ನೊಂದು ಅಡಿ ಸಡಿಲಿಸುವುದು. ಮುಂದಿನ ಸಾಲಿನ ಮೇಲ್ಮಣ್ಣನ್ನು ಹಿಂದಿನ ಸಾಲಿಗೆ ತುಂಬುತ್ತ ಹೋಗುವುದು. ಕೊನೆಯ ಸಾಲಿಗೆ ಮೊದಲು ತೆಗೆದಿಟ್ಟ ಮಣ್ಣು. ಹೀಗೆ ಎರಡು ಅಡಿ ಹದವಾದ ಮಡಿಯ ಮೇಲೆ ಆಮೇಲೆ ಯಾರೂ ಕಾಲಿಡುವಂತಿಲ್ಲ. ಬೇರು ಆಳಕ್ಕಿಳಿಯುವುದರಿಂದ ಗಿಡಗಳನ್ನು ಒತ್ತೊತ್ತಾಗಿ ನೆಡಬಹುದು. ಎಲೆಗಳು ಒಂದಕ್ಕೊಂದು ತಾಗಿ ನೆರಳಾಗಿ ತೇವ ಉಳಿಯುತ್ತದೆ. ಮೈಮುರಿಯುವ ಕೆಲಸವಿದು, ಮಣ್ಣಿನ ಪದರಗಳನ್ನು ಇಷ್ಟು ಕದಡಬಾರದೆನ್ನುವ ಬೇಸಾಯಗಾರರೂ ಇದ್ದಾರೆ. ಆದರೆ ಗಟ್ಟಿಯಾದ ನೆಲದಲ್ಲಿ ಮೊದಲ ವರ್ಷ ಇದು ನಿಜಕ್ಕೂ ಉಪಯೋಗಕ್ಕೆ ಬರುತ್ತದೆ, ಹತ್ತು ಜನ ಕೂಡಿ ಮಾಡಲು ಹೇಳಿ ಮಾಡಿಸಿದಂತಿದೆ.

1970ರ ದಶಕದ ಆರಂಭದಲ್ಲಿ ಚಾಡ್ವಿಕ್ ಸಾಂತಾ ಕ್ರೂಸ್ ಬಿಟ್ಟರು, 1980ರಲ್ಲಿ ತೀರಿಕೊಂಡರು. ತೋಟ ಅವರೊಂದಿಗೆ ಮುಗಿಯಲಿಲ್ಲ. ಪಕ್ಕದಲ್ಲಿ ಹೊಲವೂ ಸೇರಿಕೊಂಡಿತು, ಆರು ತಿಂಗಳು ಅಲ್ಲಿಯೇ ಉಳಿದು ಬೇಸಾಯ ಕಲಿಯುವ ತರಬೇತಿ ಬೆಳೆಯಿತು. ಅದರಲ್ಲಿ ತಯಾರಾಗಿ ಹೋದವರ ಸಂಖ್ಯೆ ಸಾವಿರ ದಾಟಿದೆ. ಅದೇ ರಾಜ್ಯದ ಡೇವಿಸ್ ಕ್ಯಾಂಪಸ್ಸಿನ ವಿದ್ಯಾರ್ಥಿ ಹೊಲ 1977ರಲ್ಲಿ ಶುರುವಾಯಿತು. 2003ರಲ್ಲಿ ಯೇಲ್ ವಿಶ್ವವಿದ್ಯಾಲಯ ಒಂದು ಎಕರೆಯ ಹೊಲ ಮಾಡಿತು. ಅಲ್ಲಿ ಕೆಲಸದ ದಿನ ಮುಗಿದ ಮೇಲೆ ಸೌದೆ ಒಲೆಯಲ್ಲಿ ಪಿಜ್ಜಾ ಬೇಯಿಸಿ ಎಲ್ಲರೂ ಕೂತು ತಿನ್ನುವ ರೂಢಿಯಿದೆ.

ಕಾಂಕ್ರೀಟಿನ ಮೇಲೆ ಬೇಸಾಯ

ಮೆಕ್‌ಗಿಲ್‌ನ ತೋಟದ ಹಿಂದೆ ಇದ್ದವರು ಬೇರೆಯೇ ಜನ. ಅಲ್ಲಿನ ವಾಸ್ತುಶಿಲ್ಪ ಶಾಲೆಯಲ್ಲಿ ಬಡವರಿಗೆ ಕಡಿಮೆ ಖರ್ಚಿನ ಮನೆ ಹೇಗೆ ಕಟ್ಟಬಹುದೆಂದು 1970ರ ದಶಕದಿಂದ ಅಧ್ಯಯನ ನಡೆಸುತ್ತ ಬಂದ ತಂಡವೊಂದಿದೆ. ಭಾರತೀಯ ಮೂಲದ ಪ್ರಾಧ್ಯಾಪಕ ವಿಕ್ರಮ್ ಭಟ್ ಅದರ ನೇತೃತ್ವ ವಹಿಸಿದ್ದರು. ನಗರದ ಬಡಾವಣೆಯೊಳಗೇ ಆಹಾರ ಬೆಳೆಯಲು ಜಾಗ ಇಟ್ಟರೆ ಹೇಗೆ ಎಂಬ ಪ್ರಶ್ನೆ ಹಿಡಿದು ಈ ತಂಡ ಕೊಲಂಬೊ, ಕಂಪಾಲಾ ಮತ್ತು ಅರ್ಜೆಂಟೀನಾದ ರೊಸಾರಿಯೊದಲ್ಲಿ ಕೆಲಸ ಮಾಡಿತ್ತು. ಆ ಅನುಭವವೇ ತಮ್ಮ ಕಟ್ಟಡದ ಪಕ್ಕಕ್ಕೂ ಬಂತು.

ಇನ್ನಿಬ್ಬರು ಜೊತೆಗಾರರಿದ್ದರು. ತಾರಸಿ ತೋಟಕ್ಕೆ ಒಪ್ಪುವ ತೊಟ್ಟಿಗಳನ್ನು ರೂಪಿಸಿದ್ದ ‘ಆಲ್ಟರ್ನೇಟಿವ್ಸ್’ ಎಂಬ ಸಂಸ್ಥೆ ಒಂದು. 1995ರಿಂದ ವೃದ್ಧರಿಗೆ, ಅಶಕ್ತರಿಗೆ ಮನೆಬಾಗಿಲಿಗೆ ಊಟ ತಲುಪಿಸುತ್ತಿದ್ದ ‘ಸಾಂತ್ರೊಪೊಲ್ ರೂಲಾಂ’ ಇನ್ನೊಂದು. ವಾಸ್ತುಶಿಲ್ಪಿಗಳಿಗೆ ಜಾಗದ ಲೆಕ್ಕ ಗೊತ್ತಿತ್ತು, ಎರಡನೆಯವರಿಗೆ ತೊಟ್ಟಿಯ ತಂತ್ರ, ಮೂರನೆಯವರಿಗೆ ಜನರನ್ನು ಕೂಡಿಸುವುದು. ಈ ಮೂರರಲ್ಲಿ ಒಂದು ಇಲ್ಲದಿದ್ದರೂ ತೋಟ ನಿಲ್ಲುತ್ತಿರಲಿಲ್ಲ.

ತೊಟ್ಟಿಯ ರಚನೆ ಸರಳ, ಯಾರಾದರೂ ಮಾಡಿಕೊಳ್ಳಬಹುದಾದದ್ದು. ಆಳವಾದ ಒಂದು ಟಬ್ಬಿನ ತಳದಿಂದ ಒಂದು ಗೇಣು ಮೇಲೆ ತೂತುಗಳಿರುವ ಹಲಗೆಯೊಂದನ್ನು ಕೂರಿಸುತ್ತಾರೆ. ಹಲಗೆಯ ಕೆಳಗೆ ನೀರು, ಮೇಲೆ ಮಣ್ಣು. ಹಲಗೆಯ ನಡುವೆ ಮಣ್ಣು ತುಂಬಿದ ತೂತುಳ್ಳ ಬಟ್ಟಲೊಂದು ನೀರಿಗೆ ಇಳಿಬಿದ್ದಿರುತ್ತದೆ. ಹಣತೆಯ ಬತ್ತಿ ಎಣ್ಣೆ ಹೀರುವ ಹಾಗೆ ಆ ಮಣ್ಣು ನೀರನ್ನು ಮೇಲೆಳೆದು ಬೇರಿಗೆ ಕೊಡುತ್ತದೆ. ಮೂಲೆಯಲ್ಲಿ ನಿಲ್ಲಿಸಿದ ಪೈಪಿನಿಂದ ನೀರು ತುಂಬಬೇಕು. ಹೆಚ್ಚಾದದ್ದು ಹೊರಹೋಗಲು ಹಲಗೆಗಿಂತ ಸ್ವಲ್ಪ ಕೆಳಗೆ ಪಕ್ಕದಲ್ಲೊಂದು ತೂತು. ಈ ತೂತು ಮರೆತರೆ ಜೋರು ಮಳೆಗೆ ಬೇರು ಕೊಳೆಯುತ್ತದೆ. ಬಿಸಿಲಿಗೆ ಕಾಯುವ ಕಾಂಕ್ರೀಟಿನ ಮೇಲೆ ಸಾಮಾನ್ಯ ಕುಂಡಕ್ಕೆ ದಿನಕ್ಕೆ ಎರಡು ಸಲ ನೀರು ಬೇಕಾದರೆ ಇಂಥ ತೊಟ್ಟಿ ಒಂದೆರಡು ದಿನ ಕಾಯಬಲ್ಲದು. ಸ್ವಯಂಸೇವಕರು ಒಂದು ದಿನ ತಪ್ಪಿಸಿಕೊಂಡರೂ ಗಿಡ ಬಾಡುವುದಿಲ್ಲ. ಎಡಿಬಲ್ ಕ್ಯಾಂಪಸ್ಸಿಗೆ ಇದರಿಂದಾದ ಅನುಕೂಲ ಚಿಕ್ಕದಲ್ಲ.

ನಮ್ಮಲ್ಲಿ ಇದನ್ನು ಮಾಡುವವರು ನೀರು ತುಂಬುವ ಪೈಪಿನ ಬಾಯಿಗೂ ಹೊರಹೋಗುವ ತೂತಿಗೂ ಸೊಳ್ಳೆ ಪರದೆಯ ಬಟ್ಟೆ ಬಿಗಿಯಲೇಬೇಕು. ಡೆಂಗಿ ಹರಡುವ ಸೊಳ್ಳೆಗೆ ಅಷ್ಟು ನಿಂತ ನೀರು ಧಾರಾಳವಾಯಿತು.

ತಾರಸಿಗೆ ಹೋಗುವ ಮುಂಚೆ ಭಾರದ ಲೆಕ್ಕ ಹಾಕಬೇಕು. ಒಂದು ಅಡಿ ಆಳಕ್ಕೆ ತುಂಬಿದ ಒದ್ದೆ ಮಣ್ಣು ಚದರ ಮೀಟರಿಗೆ ಸುಮಾರು 500 ಕಿಲೋ ತೂಗುತ್ತದೆ. ಜನ ಓಡಾಡುವ ತಾರಸಿಗೆ ನಮ್ಮ ಕಟ್ಟಡ ಸಂಹಿತೆ ಹಿಡಿಯುವ ಭಾರ ಚದರ ಮೀಟರಿಗೆ ಸುಮಾರು 150 ಕಿಲೋ. ಆದ್ದರಿಂದಲೇ ತಿಳಿದವರು ತೊಟ್ಟಿಗಳನ್ನು ತಾರಸಿಯ ನಡುವೆ ಗುಡ್ಡೆ ಹಾಕದೆ ತೊಲೆಗಳ ಮೇಲೆ ಸಾಲಾಗಿ ಇಡುತ್ತಾರೆ. ಬರಿ ಮಣ್ಣಿನ ಬದಲು ತೆಂಗಿನನಾರಿನ ಪುಡಿ, ಗೊಬ್ಬರ ಬೆರೆಸಿದ ಹಗುರ ಮಿಶ್ರಣ ತುಂಬುತ್ತಾರೆ. ಕಾಲೇಜಿನ ಎಂಜಿನಿಯರ್ ಒಪ್ಪಿಗೆ ಕೊಡುವ ಮುಂಚೆ ಒಂದು ಚೀಲ ಮಣ್ಣೂ ಮೇಲೆ ಹತ್ತಬಾರದು.

ಕೆಲಸದ ದಿನ

ಇಂಥ ತೋಟಗಳಲ್ಲಿ ವಾರಕ್ಕೊಂದು ಕೆಲಸದ ದಿನ ಗೊತ್ತುಮಾಡಿರುತ್ತಾರೆ. ಯಾರು ಬೇಕಾದರೂ ಬರಬಹುದು, ಮೊದಲೇ ಹೇಳಬೇಕಾಗಿಲ್ಲ. ಆದರೆ ದಿನವೂ ಹೊತ್ತೂ ಬದಲಾಗಬಾರದು. ಈ ವಾರ ಬುಧವಾರ, ಮುಂದಿನ ವಾರ ಶನಿವಾರ ಎಂದರೆ ಮೂರನೆಯ ವಾರಕ್ಕೆ ಯಾರೂ ಬರುವುದಿಲ್ಲ.

ಬಂದವರು ಎರಡು ಬಗೆ. ಒಂದು ಸಲ ನೋಡಿಹೋಗಲು ಬಂದವರು ಒಂದು ಕಡೆ, ಪೂರ್ತಿ ಹಂಗಾಮು ಹೊಣೆ ಹೊರುವವರು ಇನ್ನೊಂದು ಕಡೆ. ಎರಡೂ ಬಗೆಯವರಿಗೆ ಒಂದೇ ಕೆಲಸ ಕೊಡುವುದು ಹಲವು ತೋಟಗಳು ಕೆಡುವ ದಾರಿ. ಹೊಸಬರಿಗೆ ತರಗೆಲೆ ಹೊದಿಸುವುದು, ಗೊಬ್ಬರದ ರಾಶಿ ತಿರುವುವುದು, ಬಾಂಡಲಿಯಲ್ಲಿ ಮಣ್ಣು ಹೊರುವುದು, ಬೀನ್ಸ್ ಕೊಯ್ಯುವುದು ಸರಿ, ಎಡವಿದರೂ ನಷ್ಟವಿಲ್ಲ. ಕಳೆ ಕೀಳುವುದು ಸುಲಭವೆಂದು ತೋರಿದರೂ ಹೊಸಬರ ಕೆಲಸವಲ್ಲ. ಬಿತ್ತಿ ಹತ್ತು ದಿನವಾದ ದಂಟಿನ ಸಸಿಗೂ ತಾನಾಗಿ ಹುಟ್ಟಿದ ಮುಳ್ಳುದಂಟಿನ ಸಸಿಗೂ ಆ ವಯಸ್ಸಿನಲ್ಲಿ ವ್ಯತ್ಯಾಸ ತಿಳಿಯುವುದು ಕಷ್ಟ. ಸಾಲು ಹಿಡಿದು ಬಿತ್ತಿದ್ದರೆ ಸಾಲಿನಾಚೆಯದು ಕಳೆ ಎನ್ನಬಹುದು. ಚೆಲ್ಲಿ ಬಿತ್ತಿದ್ದರೆ ಎಲೆಯ ಕಂಕುಳಲ್ಲಿ ಮುಳ್ಳು ಕಾಣುವವರೆಗೆ ಕಾಯಬೇಕು. ಅನುಭವಿ ತೋಟಗಾರರು ಒಂದು ಗಿಡ ಕಿತ್ತು ಹೊಸಬರ ಅಂಗೈ ಮೇಲಿಟ್ಟು, ಇದು ಬೇಡದ್ದು ಎಂದು ತೋರಿಸಿಯೇ ಮಡಿಗೆ ಬಿಡುತ್ತಾರೆ.

ಸೊಪ್ಪನ್ನು ಬಿಸಿಲೇರುವ ಮುಂಚೆ ಕೊಯ್ಯಬೇಕು. ರಾತ್ರಿಯಿಡೀ ನೀರು ಹೀರಿ ಎಲೆ ಬಿರುಸಾಗಿರುವ ಹೊತ್ತದು; ಹತ್ತು ಗಂಟೆಗೆ ಕೊಯ್ದದ್ದು ಮಧ್ಯಾಹ್ನಕ್ಕೆ ಜೋತುಬೀಳುತ್ತದೆ. ಕೊಯ್ದದ್ದನ್ನು ತೂಗಿ ಪುಸ್ತಕದಲ್ಲಿ ಬರೆಯುತ್ತಾರೆ: ತಾರೀಖು, ಬೆಳೆ, ಯಾವ ಮಡಿ, ಎಷ್ಟು ಕಿಲೋ, ಎಲ್ಲಿಗೆ ಹೋಯಿತು. ಕೊನೆಯ ಹತ್ತು ನಿಮಿಷ ಸಲಕರಣೆ ತೊಳೆದು, ಎಣಿಸಿ, ಬೀಗ ಹಾಕುವುದಕ್ಕೆ. ಕುರುಪಿಗಳು ಒಂದೊಂದಾಗಿ ಕಾಣೆಯಾಗುವ ತೋಟದಲ್ಲಿ ಬೇರೆ ವ್ಯವಸ್ಥೆಯೂ ಸಡಿಲವಾಗಿದೆ ಎಂದೇ ತಿಳಿಯಬಹುದು.

ಇಷ್ಟಕ್ಕೆಲ್ಲ ಒಬ್ಬ ಸಂಯೋಜಕ ಬೇಕು, ಸಾಧ್ಯವಾದರೆ ಸಂಬಳ ಪಡೆಯುವವರು. ಸ್ವಯಂಸೇವೆಯ ತೋಟಕ್ಕೆ ಸಂಬಳದವರೇಕೆ ಎಂದು ಕೇಳುವುದುಂಟು. ಮೂವತ್ತು ಜನರ ಎರಡೆರಡು ಗಂಟೆ ಸಾರ್ಥಕವಾಗಬೇಕಾದರೆ ಅವರು ಬರುವ ಮುಂಚೆ ಯಾವ ಮಡಿಯಲ್ಲಿ ಏನು ಮಾಡಬೇಕೆಂದು ಒಬ್ಬರು ನೋಡಿಟ್ಟಿರಬೇಕು. ಆ ಕೆಲಸ ಎರಡು ಗಂಟೆಯದಲ್ಲ.

ಎರಡು ಪಂಚಾಂಗ

ಕ್ಯಾಂಪಸ್ ತೋಟಕ್ಕೆ ಎರಡು ಪಂಚಾಂಗ. ಒಂದು ಮಳೆ, ಬಿಸಿಲು, ಚಳಿಯದು. ಇನ್ನೊಂದು ಪರೀಕ್ಷಾ ವಿಭಾಗದ್ದು. ಇವೆರಡೂ ಹೊಂದುವುದು ಅಪರೂಪ.

ಮಾಂಟ್ರಿಯಲ್‌ನಲ್ಲಿ ಮೇ ತಿಂಗಳ ನಡುವಿನವರೆಗೂ ರಾತ್ರಿ ಹಿಮ ಬಿದ್ದು ಸಸಿ ಸುಟ್ಟುಹೋಗುವ ಭಯವಿರುತ್ತದೆ. ಅಕ್ಟೋಬರ್ ಹೊತ್ತಿಗೆ ಮತ್ತೆ ಹಿಮ. ಟೊಮೆಟೊ, ಬದನೆ ಬೆಳೆಯಲು ಸಿಗುವುದು ನಡುವಿನ ನಾಲ್ಕೂವರೆ ತಿಂಗಳು ಮಾತ್ರ. ವಿದ್ಯಾರ್ಥಿಗಳು ಏಪ್ರಿಲ್ ಕೊನೆಗೆ ಪರೀಕ್ಷೆ ಮುಗಿಸಿ ಹೋದರೆ ಮರಳುವುದು ಸೆಪ್ಟೆಂಬರಿಗೆ. ತೋಟಕ್ಕೆ ಕೈ ಬೇಕಾದಾಗ ಕ್ಯಾಂಪಸ್ ಖಾಲಿ.

ಎಡಿಬಲ್ ಕ್ಯಾಂಪಸ್ ಇದಕ್ಕೆ ಕಂಡುಕೊಂಡ ಉತ್ತರ ಗಮನಿಸಬೇಕಾದದ್ದು. ಅದು ವಿದ್ಯಾರ್ಥಿಗಳನ್ನಷ್ಟೇ ನಂಬಿಕೊಳ್ಳಲಿಲ್ಲ. ಊಟ ಹಂಚುವ ಸಂಸ್ಥೆಯ ಸ್ವಯಂಸೇವಕರು, ಅಂದರೆ ಊರಿನ ಜನ, ಬೇಸಿಗೆಯ ಹೊಣೆ ಹೊತ್ತರು. ನೆಲ ವಿಶ್ವವಿದ್ಯಾಲಯದ್ದು, ದುಡಿಮೆ ನಗರದ್ದು. ರಸ್ತೆಯಲ್ಲಿ ಹೋಗುವವರಿಗೂ ಕಾಣುವಂತೆ, ಬೇಲಿಯಿಲ್ಲದ ಅಂಗಳದಲ್ಲಿ ತೋಟವಿದ್ದದ್ದು ಇದಕ್ಕೆ ಅನುಕೂಲವಾಯಿತು.

ಸಾಂತಾ ಕ್ರೂಸ್ ಹಂಗಾಮು ಪೂರ್ತಿ ಅಲ್ಲಿಯೇ ಉಳಿಯುವ ಕಲಿಕೆಯವರನ್ನು ಇಟ್ಟುಕೊಂಡಿತು. ಯೇಲ್ ಬೇಸಿಗೆ ರಜೆಗೆಂದೇ ಕೆಲವು ವಿದ್ಯಾರ್ಥಿಗಳನ್ನು ನೇಮಿಸಿಕೊಳ್ಳುತ್ತದೆ. ಇನ್ನೊಂದು ದಾರಿ ಬೆಳೆಯ ಆಯ್ಕೆಯದು: ಮೂವತ್ತು ದಿನಕ್ಕೆ ಬರುವ ಮೂಲಂಗಿ, ಸೊಪ್ಪುಗಳನ್ನು ತರಗತಿ ನಡೆಯುವ ಅವಧಿಯಲ್ಲಿ ಬೆಳೆದು, ರಜೆಯಲ್ಲಿ ನೆಲಕ್ಕೆ ದ್ವಿದಳ ಧಾನ್ಯ ಬಿತ್ತಿ ಹಸಿರೆಲೆ ಗೊಬ್ಬರಕ್ಕೆ ಬಿಡುವುದು. ಇದರಿಂದ ಬುಟ್ಟಿ ತುಂಬುವುದಿಲ್ಲ, ಆದರೆ ಮಡಿ ಹಾಳುಬೀಳುವುದೂ ಇಲ್ಲ.

ಮಣ್ಣು ಮತ್ತು ಮೆಸ್ಸಿನ ಉಳಿಕೆ

ನಗರದ ಮಣ್ಣನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಸೀಸ ಬೆರೆತ ಪೆಟ್ರೋಲನ್ನು ಭಾರತ 2000ದಲ್ಲಿ ನಿಲ್ಲಿಸಿತು. ಅದಕ್ಕೂ ಮುಂಚೆ ದಶಕಗಟ್ಟಲೆ ರಸ್ತೆಬದಿಗೆ ಬಿದ್ದ ಸೀಸ ಕರಗಿಹೋಗುವ ವಸ್ತುವಲ್ಲ, ಮೇಲ್ಮಣ್ಣಿನಲ್ಲೇ ಉಳಿಯುತ್ತದೆ. ಹಳೆಯ ಕಟ್ಟಡಗಳ ಗೋಡೆಯಿಂದ ಉದುರಿದ ಬಣ್ಣದ ಚೂರಿನಲ್ಲೂ ಸೀಸವಿರಬಹುದು. ಅದು ಮುಖ್ಯವಾಗಿ ಎಲೆಗೆ ಮೆತ್ತಿದ ಧೂಳಿನಿಂದ, ನೆಲದೊಳಗೆ ಬೆಳೆಯುವ ಗೆಡ್ಡೆಗೆ ಅಂಟಿದ ಮಣ್ಣಿನಿಂದ ಬಾಯಿಗೆ ಹೋಗುತ್ತದೆ. ಟೊಮೆಟೊ, ಬೆಂಡೆಯಂಥ ಕಾಯಿಗಳಲ್ಲಿ ಅಪಾಯ ಕಡಿಮೆ. ಮಣ್ಣು ಪರೀಕ್ಷೆ ಮಾಡಿಸುವುದು, ರಸ್ತೆಯಿಂದ ದೂರ ಸರಿಯುವುದು, ಅನುಮಾನವಿದ್ದರೆ ನೆಲಕ್ಕಿಂತ ಎತ್ತರಿಸಿದ ಮಡಿಯಲ್ಲಿ ಹೊರಗಿನ ಮಣ್ಣು ತುಂಬುವುದು ರೂಢಿಯ ಕ್ರಮಗಳು.

ಗೊಬ್ಬರಕ್ಕೆ ಕ್ಯಾಂಪಸ್ಸಿನಲ್ಲಿ ಬರವಿಲ್ಲ. ಹಾಸ್ಟೆಲ್ ಮೆಸ್ಸಿನಲ್ಲಿ ದಿನವೂ ತರಕಾರಿ ಸಿಪ್ಪೆ, ಉಳಿದ ಅನ್ನ. ಮರಗಳ ಕೆಳಗೆ ಗುಡಿಸಿ ರಾಶಿ ಹಾಕಿದ ತರಗೆಲೆ. ಎಷ್ಟೋ ಕಡೆ ಮೊದಲನೆಯದು ಕಸದ ಲಾರಿಗೆ, ಎರಡನೆಯದು ಬೆಂಕಿಗೆ ಹೋಗುತ್ತದೆ. ಎರಡನ್ನೂ ಕೂಡಿಸಿದರೆ ಗೊಬ್ಬರ. ಹಸಿ ಉಳಿಕೆಯಲ್ಲಿ ಸಾರಜನಕ, ಒಣ ಎಲೆಯಲ್ಲಿ ಇಂಗಾಲ ಹೆಚ್ಚು. ಸೂಕ್ಷ್ಮಜೀವಿಗಳಿಗೆ ಒಂದು ಪಾಲು ಸಾರಜನಕಕ್ಕೆ ಇಪ್ಪತ್ತೈದು–ಮೂವತ್ತು ಪಾಲು ಇಂಗಾಲ ಬೇಕು. ಲೆಕ್ಕಕ್ಕೆ ಹೋಗದವರು ಒಂದು ಬಕೆಟ್ ಸಿಪ್ಪೆಗೆ ಎರಡು ಮೂರು ಬಕೆಟ್ ತರಗೆಲೆ ಎಂದು ಇಟ್ಟುಕೊಂಡರೆ ಸಾಕು. ಸರಿಯಾಗಿ ಕೂಡಿಸಿದ ದೊಡ್ಡ ರಾಶಿ ಕೆಲವೇ ದಿನಗಳಲ್ಲಿ ಒಳಗೆ 55–65 ಡಿಗ್ರಿ ಕಾಯುತ್ತದೆ. ಕಳೆಬೀಜ, ರೋಗಾಣು ಬಹುಪಾಲು ಅಲ್ಲೇ ಸಾಯುತ್ತವೆ. ನಾರುತ್ತಿದ್ದರೆ ಎಲೆ ಕಡಿಮೆಯಾಗಿದೆ ಅಥವಾ ಗಾಳಿ ಆಡುತ್ತಿಲ್ಲ ಎಂದರ್ಥ. ಉಪ್ಪು, ಎಣ್ಣೆ ಸೇರಿದ ಸಾರು, ಪಲ್ಯವನ್ನು ಹೆಚ್ಚು ಸುರಿಯಬಾರದು. ಹಂದಿ, ಹೆಗ್ಗಣ, ನಾಯಿಗಳನ್ನು ಕರೆದಂತಾಗುತ್ತದೆ, ಮಣ್ಣಿಗೂ ಉಪ್ಪು ಒಳ್ಳೆಯದಲ್ಲ.

ಬೆಳೆದದ್ದು ಯಾರ ತಟ್ಟೆಗೆ

ಕ್ಯಾಂಪಸ್ ತೋಟ ಹಾಸ್ಟೆಲ್ಲಿಗೆಲ್ಲ ಉಣಿಸುವುದಿಲ್ಲ. ಐನೂರು ಜನರ ಮೆಸ್ಸಿಗೆ ದಿನಕ್ಕೆ ಬೇಕಾದ ಟೊಮೆಟೊವನ್ನು ಒಂದು ಸೈಟಿನಗಲದ ತೋಟದಿಂದ ನಿರೀಕ್ಷಿಸುವುದು ತಪ್ಪು. ಹಾಗೆ ಮಾತು ಕೊಟ್ಟ ಯೋಜನೆಗಳು ಮೊದಲ ವರ್ಷವೇ ನಿರಾಸೆ ತರುತ್ತವೆ. ಸಣ್ಣ ಫಸಲಿಗೂ ಗೊತ್ತಾದ ಒಂದು ದಾರಿ ಇದ್ದರೆ ಸ್ವಯಂಸೇವಕರು ಮರಳಿ ಬರುತ್ತಾರೆ. ಮಾಂಟ್ರಿಯಲ್‌ನ ಅಡುಗೆಮನೆ ದಿನಕ್ಕೆ ನೂರರ ಆಸುಪಾಸು ಊಟ ತಯಾರಿಸುತ್ತಿತ್ತು. ಆ ಅಳತೆಗೆ ತೋಟದ ಸೌತೆ, ಬದನೆ ಎದ್ದು ಕಾಣುವಷ್ಟಿತ್ತು. ಬೇರೆ ಕಡೆ ವಿದ್ಯಾರ್ಥಿಗಳಿಗಾಗಿ ನಡೆಸುವ ಉಚಿತ ಆಹಾರ ಭಂಡಾರಕ್ಕೆ, ವಾರದ ಸಂತೆಗೆ, ದುಡಿದವರ ಚೀಲಕ್ಕೆ ಹೋಗುತ್ತದೆ.

ನಮ್ಮ ಕ್ಯಾಂಪಸ್ಸುಗಳಲ್ಲಿ ಈ ಪಾಲು ಮೊದಲು ಸಲ್ಲಬೇಕಾದದ್ದು ಅಲ್ಲಿ ಗುಡಿಸುವ, ಕಾಯುವ, ಗಿಡಗಳಿಗೆ ನೀರು ಹಾಕುವ ನೌಕರರಿಗೆ. ಬಹಳಷ್ಟು ಮಾಲಿಗಳು ಹಳ್ಳಿಯಿಂದ ಬಂದವರು, ಬೇಸಾಯ ಬಲ್ಲವರು. ಅವರನ್ನು ಆಳುಗಳೆಂದಲ್ಲದೆ ಕಲಿಸುವವರೆಂದು ಕಂಡ ತೋಟದಲ್ಲಿ ವಿದ್ಯಾರ್ಥಿಗಳು ಎರಡು ಪಟ್ಟು ಕಲಿಯುತ್ತಾರೆ.

ನೆಲದ ಹಕ್ಕು

ತೋಟ ಚೆನ್ನಾಗಿ ನಡೆದಾಗಲೂ ಜಾಗ ಕೈತಪ್ಪುವ ಭಯವಿದೆ. ವ್ಯಾಂಕೂವರ್‌ನಲ್ಲಿರುವ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ 24 ಹೆಕ್ಟೇರಿನ ಹೊಲವಿದೆ. ಅದನ್ನು ಮುಂದೆ ಮನೆ ಕಟ್ಟಲು ಕಾದಿರಿಸಿದ ಜಾಗವೆಂದು 1997ರ ಯೋಜನೆ ಗುರುತಿಸಿತ್ತು. 2000ದ ಸುಮಾರಿಗೆ ವಿದ್ಯಾರ್ಥಿಗಳು, ಅಧ್ಯಾಪಕರು ಅಲ್ಲಿ ಬೇಸಾಯಕ್ಕೆ ಹೊಸ ಜೀವ ಕೊಟ್ಟರು. ಕಟ್ಟಡದ ಮಾತು ಬಲವಾದಾಗ, 2009ರ ಏಪ್ರಿಲ್‌ನಲ್ಲಿ ಸುಮಾರು 2000 ಜನ ಹೊಲದವರೆಗೆ ಮೆರವಣಿಗೆ ಹೋದರು. ಮುಂದಿನ ಕೆಲವೇ ವರ್ಷಗಳಲ್ಲಿ ಮನೆಗಳ ಗುರುತು ಅಳಿಸಿ, ಹಸಿರು ಕಲಿಕೆಯ ಭೂಮಿ ಎಂದು ಯೋಜನೆಯಲ್ಲೇ ಬದಲಾವಣೆ ಆಯಿತು.

ಅಂದು ನಡೆದವರಲ್ಲಿ ವಾರವಾರ ಅಲ್ಲಿ ಕಳೆ ಕಿತ್ತವರು, ಅಲ್ಲಿಯ ಸಂತೆಯಲ್ಲಿ ಸೊಪ್ಪು ಕೊಂಡವರು ಬಹಳ ಮಂದಿ ಇದ್ದರು. ನಕ್ಷೆಯಲ್ಲಿ ಖಾಲಿ ಎಂದು ಕಾಣುವ ನೆಲ ಬಳಕೆಯಲ್ಲಿದೆ ಎಂದು ಹೇಳಲು ಅಷ್ಟು ಜನ ಸಿಕ್ಕಿದ್ದು ವರ್ಷಗಟ್ಟಲೆಯ ಸ್ವಯಂಸೇವೆಯಿಂದ. ಕ್ಯಾಲಿಫೋರ್ನಿಯಾದ ಆಲ್ಬನಿಯಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯಕ್ಕೆ ಸೇರಿದ ಗಿಲ್ ಟ್ರಾಕ್ಟ್ ಎಂಬ ಭೂಮಿಯಲ್ಲಿ ಕ್ರಮ ತಿರುಗುಮುರುಗಾಯಿತು. 2012ರ ಏಪ್ರಿಲ್ 22ರಂದು ಜನ ಬೀಗ ಮುರಿದು ಒಳನುಗ್ಗಿ ಸಸಿ ನೆಟ್ಟರು. ಜಗಳ, ಪೊಲೀಸ್, ಮಾತುಕತೆಗಳ ನಂತರ ಒಂದು ಭಾಗ ಸಮುದಾಯದ ಹೊಲವಾಯಿತು.

ಕರ್ನಾಟಕದಲ್ಲಿ

ಇಲ್ಲಿ ಸ್ವಯಂಸೇವೆಯ ಚೌಕಟ್ಟು ಮೊದಲಿನಿಂದಲೂ ಇದೆ. ರಾಷ್ಟ್ರೀಯ ಸೇವಾ ಯೋಜನೆ (ಎನ್ನೆಸ್ಸೆಸ್) 1969ರ ಸೆಪ್ಟೆಂಬರ್ 24ರಂದು ದೇಶದ 37 ವಿಶ್ವವಿದ್ಯಾಲಯಗಳಲ್ಲಿ ಶುರುವಾಯಿತು. ಎನ್ನೆಸ್ಸೆಸ್ ಸೇರಿದವರು ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷ ಸೇವೆ ಸಲ್ಲಿಸಬೇಕು, ಏಳು ದಿನಗಳ ಒಂದು ಶಿಬಿರದಲ್ಲಿ ಭಾಗವಹಿಸಬೇಕು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಪಠ್ಯದಲ್ಲಿ ಗಿಡ ನೆಟ್ಟು, ವಿದ್ಯಾರ್ಥಿಗಳ ಗುಂಪು ಅದನ್ನು ನಾಲ್ಕು ವರ್ಷ ದತ್ತು ತೆಗೆದುಕೊಂಡು ನೋಡಿಕೊಳ್ಳುವ, ಸಾವಯವ ಕೃಷಿ ಮತ್ತು ಕಸದ ನಿರ್ವಹಣೆ ಅರಿಯುವ ಭಾಗಗಳಿವೆ.

ನಗರದ ಕೈತೋಟಕ್ಕೂ ವಿಶ್ವವಿದ್ಯಾಲಯಕ್ಕೂ ಇಲ್ಲಿ ಹಳೆಯ ನಂಟಿದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಕೀಟಶಾಸ್ತ್ರಜ್ಞರಾಗಿದ್ದ ಡಾ. ಬಿ.ಎನ್. ವಿಶ್ವನಾಥ್ ತಾರಸಿ ತೋಟದ ಬಗ್ಗೆ ಊರಿನ ಜನರಿಗೆ ಕಲಿಸುತ್ತ ಬಂದರು. ಆ ಬಳಗದವರು 2011ರಿಂದ ನಡೆಸುತ್ತಿರುವ ‘ಊಟ ಫ್ರಮ್ ಯುವರ್ ತೋಟ’ ಸಂತೆ ನಗರದ ಕೈತೋಟದವರಿಗೆಲ್ಲ ಪರಿಚಿತ.

ಹಾಗಿದ್ದೂ ನಮ್ಮ ಕ್ಯಾಂಪಸ್ಸುಗಳ ಹಸಿರು ಕೆಲಸ ಬಹುಪಾಲು ಜೂನ್ 5ರ ಪರಿಸರ ದಿನಕ್ಕೂ ಜುಲೈನ ವನಮಹೋತ್ಸವಕ್ಕೂ ಮೀಸಲಾಗಿದೆ. ಮಳೆಯಲ್ಲಿ ನೆಟ್ಟ ಸಸಿ ಮಳೆ ಇರುವವರೆಗೆ ತಾನೇ ಬದುಕುತ್ತದೆ. ಅದಕ್ಕೆ ಮನುಷ್ಯರು ಬೇಕಾಗುವುದು ಮಾರ್ಚ್‌ನಿಂದ ಮೇವರೆಗೆ. ಆಗ ಪರೀಕ್ಷೆ, ಇಲ್ಲವೇ ರಜೆ. ನೂರಿಪ್ಪತ್ತು ಗಂಟೆಗಳಲ್ಲಿ ಒಂದು ಪಾಲನ್ನು ಬೇಸಿಗೆಯ ನೀರಿಗೆಂದೇ ಎತ್ತಿಟ್ಟರೆ ನೆಟ್ಟ ಗಿಡಗಳಲ್ಲಿ ಉಳಿಯುವವು ಎಷ್ಟೋ ಹೆಚ್ಚುತ್ತವೆ. ಸಂಶೋಧನಾ ವಿದ್ಯಾರ್ಥಿಗಳು ವರ್ಷವಿಡೀ ಹಾಸ್ಟೆಲ್ಲಿನಲ್ಲಿರುತ್ತಾರೆ, ಅಧ್ಯಾಪಕರ ವಸತಿಗೃಹಗಳಲ್ಲಿ ಕುಟುಂಬಗಳಿರುತ್ತವೆ. ಮಾಂಟ್ರಿಯಲ್‌ನಲ್ಲಿ ಊರಿನವರು ಮಾಡಿದ ಕೆಲಸವನ್ನು ಇಲ್ಲಿ ಇವರು ಮಾಡಬಹುದು.

ನೀರಿನ ಪ್ರಶ್ನೆ ಇನ್ನೂ ಕಠಿಣ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ತೋಟಕ್ಕೆ ಬಳಸುವುದನ್ನು ನಿಷೇಧಿಸಿ, ತಪ್ಪಿದವರಿಗೆ 5,000 ರೂಪಾಯಿ ದಂಡ ಗೊತ್ತುಮಾಡಿತು. ದೊಡ್ಡ ಹಾಸ್ಟೆಲ್ಲುಗಳ ಸಂಸ್ಕರಣಾ ಘಟಕದಿಂದ ಹೊರಬರುವ ನೀರು ಮರಗಳಿಗೆ, ಹೂಗಿಡಗಳಿಗೆ ಆಗುತ್ತದೆ. ಹಸಿಯಾಗಿ ತಿನ್ನುವ ಸೊಪ್ಪು, ಮೂಲಂಗಿ, ಸೌತೆಗೆ ಹಾಕಬಾರದು. ಆರ್‌ಓ ಯಂತ್ರ ಹೊರಬಿಡುವ ನೀರಿನಲ್ಲಿ ಲವಣ ಹೆಚ್ಚು. ಅದನ್ನೇ ದಿನವೂ ಹಾಕಿದರೆ ಕುಂಡದ ಮಣ್ಣಿನ ಮೇಲೆ ಬಿಳಿ ಪದರ ಕಟ್ಟುತ್ತದೆ. ತಾರಸಿಯ ಮಳೆನೀರು ಹಿಡಿದಿಡುವ ತೊಟ್ಟಿ, ಮಣ್ಣಿಗೆ ದಪ್ಪನೆಯ ತರಗೆಲೆ ಹೊದಿಕೆ, ಬೇಸಿಗೆಯಲ್ಲಿ ಮಡಿಗಳನ್ನು ಅರ್ಧಕ್ಕಿಳಿಸುವುದು, ಇವು ಮೊದಲೇ ತೀರ್ಮಾನವಾಗಬೇಕು.

ಬೆಳೆಯೂ ಊರಿಗೆ ತಕ್ಕಂತೆ ಬೇರೆ. ಕರಾವಳಿಯ ಕ್ಯಾಂಪಸ್ಸಿನಲ್ಲಿ ಜೂನ್–ಜುಲೈ ಮಳೆಗೆ ಟೊಮೆಟೊ ನೆಟ್ಟರೆ ಕೊಳೆತು ಹೋಗುತ್ತದೆ. ಏರಿಸಿದ ಸಾಲಿನಲ್ಲಿ ಬೆಂಡೆ, ಚಪ್ಪರಕ್ಕೆ ಹೀರೆ, ಪಡುವಲ ಹಬ್ಬಿಸಿ, ಹರಿವೆ, ಅಲಸಂಡೆಯನ್ನು ಮಳೆ ಹಿಂದೆ ಸರಿದ ಮೇಲೆ ಹಾಕುವುದು ಅಲ್ಲಿಯ ರೂಢಿ. ಕಲಬುರಗಿಯ ಕಡೆ ಏಪ್ರಿಲ್–ಮೇ ಬಿಸಿಲು ನಲವತ್ತು ಡಿಗ್ರಿ ದಾಟುವುದರಿಂದ ಆಗ ನೆರಳುಬಲೆ ಇಲ್ಲದೆ ಸೊಪ್ಪು ಬರುವುದಿಲ್ಲ. ಬೆಂಗಳೂರು, ಮೈಸೂರಿನ ಹವೆಗೆ ಮೆಂತ್ಯ, ದಂಟು, ಮೂಲಂಗಿ ವರ್ಷದ ಬಹುಕಾಲ ಬರುತ್ತವೆ. ಬಿತ್ತಿದ ತಿಂಗಳೊಪ್ಪತ್ತಿನಲ್ಲಿ ಕೊಯ್ಲು. ಸೆಮಿಸ್ಟರ್ ಆರಂಭದಲ್ಲಿ ಬಿತ್ತಿದವರೇ ಆಂತರಿಕ ಪರೀಕ್ಷೆಯ ಮುಂಚೆ ಕಿತ್ತು ತಿನ್ನಬಹುದಾದ್ದರಿಂದ ಹೊಸ ತೋಟಕ್ಕೆ ಇವೇ ಮೊದಲ ಬೆಳೆ. ಬಸಳೆ, ನುಗ್ಗೆ, ಕರಿಬೇವು, ಪಪಾಯಿಯಂಥ ವರ್ಷಗಟ್ಟಲೆ ನಿಲ್ಲುವ ಗಿಡಗಳಿಗೆ ಅಂಚಿನಲ್ಲಿ ಜಾಗ ಕೊಟ್ಟರೆ, ಒಂದು ತಂಡ ಓದು ಮುಗಿಸಿ ಹೋಗಿ ಇನ್ನೊಂದು ತಂಡ ಬರುವ ನಡುವೆಯೂ ತೋಟದಲ್ಲಿ ಕೊಯ್ಯಲು ಏನಾದರೂ ಇರುತ್ತದೆ. ಕೋತಿಗಳಿರುವ ಆವರಣದಲ್ಲಿ ಪಪಾಯಿ, ಟೊಮೆಟೊ ಬದಲು ಅರಿಶಿನ, ಶುಂಠಿ, ಮೆಣಸಿನಕಾಯಿ, ಸುವರ್ಣಗೆಡ್ಡೆಗಳನ್ನು ಆರಿಸಿಕೊಳ್ಳುವುದು ಮೇಲು.